ಎತ್ತಿಗೆ ಸಿಕ್ಕ ಸೋಮವಾರ

ಕಳೆದ ತಿಂಗಳು ಬೆಂಗಳೂರಿನಲ್ಲಿರುವ ನನ್ನ ಹಳೆಯ ಶಿಷ್ಯನೊಬ್ಬ ದೂರವಾಣಿಯಲ್ಲಿ ಮಾತನಾಡುತ್ತ, "ಸರ್, ಮುಂದಿನ ಸಲದ ಹತ್ತು ಕಿಲೋಮೀಟರ್ ಓಟಕ್ಕೆ ನಿಮ್ಮ ಹೆಸರನ್ನೂ ಕೊಡ್ತೀನಿ, ಇಲ್ಲ ಅನ್ನಬಾರದು" ಎಂದನು. ಅದೇ ದಿನ ಸಾಯಂಕಾಲ ಹೊಸಪೇಟೆಯಿಂದ ಬಂದಿದ್ದ ನನ್ನ ತಂಗಿಯ ಮಗ, ಬಾಗಿಲ ಬಳಿ ಬಿಟ್ಟಿದ್ದ ನನ್ನ ಓಟದ ಬೂಟುಗಳನ್ನು ನೋಡಿ, "ಮಾವ, ಈ ವಯಸ್ಸಿನಾಗ ಇದೆಲ್ಲ ಯಾಕ್ರಿ? ಸುಮ್ನೆ ಮನ್ಯಾಗ ಆರಾಮ ಇರ್ರಿ" ಎಂದನು. ಇಬ್ಬರೂ ನನ್ನ ಮೇಲಿನ ಪ್ರೀತಿಯಿಂದಲೇ ಹೇಳಿದ್ದಾರೆಂಬುದರಲ್ಲಿ ನನಗೆ ಸಂಶಯವಿಲ್ಲ. ಆದರೆ ಇಬ್ಬರ ಮಾತನ್ನೂ ನಾನು ಒಪ್ಪಲಿಲ್ಲ. ಏಕೆ ಒಪ್ಪಲಿಲ್ಲವೆಂಬುದನ್ನು ಅಂದು ವಿವರಿಸಲಾಗದೆ, ಈಗ ಇಲ್ಲಿ ಬರೆಯುತ್ತಿದ್ದೇನೆ. ಮನೆಯವರನ್ನು ಬಿಟ್ಟು ಬೇರಾರಿಗೂ ಈವರೆಗೆ ಹೇಳದ ಒಂದು ಸಂಗತಿಯೂ ಇದರಲ್ಲಿ ಬರುತ್ತದೆ. ಓದಿದ ಮೇಲೆ ಯಾರೂ ಗಾಬರಿಯಾಗಿ ಫೋನು ಮಾಡಬೇಕಾಗಿಲ್ಲ. ನಾನು ಚೆನ್ನಾಗಿಯೇ ಇದ್ದೇನೆ.

ನಮ್ಮದು ಒಕ್ಕಲುತನದ ಮನೆ. ವಡ್ಡಿನ ಹೊಲದಲ್ಲಿ ನನ್ನ ತಂದೆಯವರು ಎಪ್ಪತ್ತು ದಾಟುವವರೆಗೂ ನೇಗಿಲ ಹಿಂದೆ ನಡೆದವರು. ದಿನಕ್ಕೆ ಎಷ್ಟು ಮೈಲಿ ನಡೆಯುತ್ತಿದ್ದರೋ ಅವರಿಗೂ ಗೊತ್ತಿರಲಿಲ್ಲ, ಎಣಿಸುವ ಅಗತ್ಯವೂ ಇರಲಿಲ್ಲ. ಆದರೆ ಒಂದು ಲೆಕ್ಕವನ್ನು ಮಾತ್ರ ಅವರು ಎಂದೂ ತಪ್ಪಿಸಲಿಲ್ಲ. ಸೋಮವಾರ ಎತ್ತುಗಳ ಹೆಗಲ ಮೇಲೆ ನೊಗ ಇಡುವಂತಿರಲಿಲ್ಲ. ಅದು ಬಸವಣ್ಣನ ವಾರ. ಅಮಾವಾಸ್ಯೆಯಂದೂ ಹಾಗೆಯೇ. ಬಿತ್ತನೆಯ ಹದ ತಪ್ಪುತ್ತಿದೆಯೆಂದು ನೆರೆಹೊರೆಯವರೆಲ್ಲ ಚಡಪಡಿಸುತ್ತಿದ್ದ ವರ್ಷದಲ್ಲಿಯೂ ಸೋಮವಾರ ನಮ್ಮ ಎತ್ತುಗಳು ಕೊಟ್ಟಿಗೆಯ ಮುಂದೆ ಮೆಲುಕು ಹಾಕುತ್ತ ಮಲಗಿರುತ್ತಿದ್ದವು. ಬಿ.ಎಡ್. ಮುಗಿಸಿ ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನು ಈ ಆಚರಣೆಯನ್ನು ಮೂಢನಂಬಿಕೆಗಳ ಪಟ್ಟಿಗೆ ಸೇರಿಸಿ ತರಗತಿಯಲ್ಲಿ ಮಾತನಾಡಿದ್ದುಂಟು. ಅಂದು ಆ ಬೆಂಚುಗಳ ಮೇಲೆ ಕುಳಿತಿದ್ದವರು ಇಂದಿನ ಈ ಬರಹವನ್ನು ತಿದ್ದುಪಡಿಯೆಂದು ಸ್ವೀಕರಿಸಬೇಕು.

ಅರವತ್ತಕ್ಕೆ ನಿವೃತ್ತನಾದಾಗ ನನಗೆ ರಕ್ತದೊತ್ತಡವಿತ್ತು, ಹೊಟ್ಟೆ ಬಂದಿತ್ತು. ಮೂವತ್ತೈದು ವರ್ಷ ಕರಿಹಲಗೆಯ ಮುಂದೆ ನಿಂತವನಿಗೆ ನಡಿಗೆಯೆಂದರೆ ಮನೆಯಿಂದ ಶಾಲೆಗೆ, ಶಾಲೆಯಿಂದ ಮನೆಗೆ ಮಾತ್ರ. ಮೊದಲು ಬೆಳಗ್ಗೆ ಮೂರು ಕಿಲೋಮೀಟರ್ ನಡೆದೆ. ಆರು ತಿಂಗಳಲ್ಲಿ ಅದು ಆರಾಯಿತು. ಆ ವರ್ಷ ಮಾಘ ಮಾಸದಲ್ಲಿ ಗೆಳೆಯರೊಡನೆ ಕೊಟ್ಟೂರು ಬಸವೇಶ್ವರನ ತೇರಿಗೆ ಪಾದಯಾತ್ರೆ ಹೊರಟೆ.

ಈ ಭಾಗದವರಿಗೆ ಕೊಟ್ಟೂರಿನ ಪಾದಯಾತ್ರೆಯ ಬಗ್ಗೆ ಹೇಳಬೇಕಾಗಿಲ್ಲ. ಪರದೇಶದಲ್ಲಿ ಬೆಳೆದ ನಮ್ಮ ಮೊಮ್ಮಕ್ಕಳಿಗಾಗಿ ಒಂದೆರಡು ಮಾತು. ತೇರಿನ ಹಿಂದಿನ ದಿನಗಳಲ್ಲಿ ಹೊಸಪೇಟೆ, ಬಳ್ಳಾರಿ, ದಾವಣಗೆರೆ, ಹರಪನಹಳ್ಳಿಯ ದಿಕ್ಕುಗಳಿಂದ ಸಾವಿರಾರು ಜನ ಹಗಲೂ ರಾತ್ರಿ ನಡೆಯುತ್ತಾರೆ. ದಾರಿಯುದ್ದಕ್ಕೂ ಭಕ್ತರು ಶಾಮಿಯಾನ ಹಾಕಿ ಊಟ, ಮಜ್ಜಿಗೆ, ಮಂಡಕ್ಕಿ ಕೊಡುತ್ತಾರೆ; ಕಾಲಿಗೆ ಬಿಸಿನೀರು ಹಾಕಿ ಎಣ್ಣೆ ತಿಕ್ಕುವವರೂ ಇರುತ್ತಾರೆ. ಮ್ಯಾರಥಾನ್ ಎಂಬ ಹೆಸರು ನಮ್ಮ ಕಿವಿಗೆ ಬೀಳುವ ಮೊದಲೇ ನಮ್ಮ ಅಜ್ಜಿಯರು ಅದಕ್ಕಿಂತ ದೂರವನ್ನು ಬರಿಗಾಲಲ್ಲಿ ನಡೆದು ಮುಗಿಸಿದ್ದರು. ಅಲ್ಲಿ ಮೊದಲು ಮುಟ್ಟಿದವರಿಗೆ ಪದಕವಿಲ್ಲ. ಸುಸ್ತಾದವನು ಮರದ ನೆರಳಿನಲ್ಲಿ ಮಲಗಿದರೆ ಯಾರೂ ಗಡಿಯಾರ ನೋಡುವುದಿಲ್ಲ.

ಕೆಟ್ಟದ್ದು ಗಡಿಯಾರದಿಂದಲೇ. ಅಮೇರಿಕೆಯಲ್ಲಿರುವ ಶಿಷ್ಯನೊಬ್ಬ ಊರಿಗೆ ಬಂದಾಗ, ಹೆಜ್ಜೆ ಎಣಿಸುವ, ನಾಡಿ ಬಡಿತ ತೋರಿಸುವ ಕೈಗಡಿಯಾರವನ್ನು ನನಗೆ ಕಾಣಿಕೆಯಾಗಿ ಕೊಟ್ಟನು. (ತಪ್ಪು ಅವನದಲ್ಲವೆಂದು ಮೊದಲೇ ಹೇಳಿಬಿಡುತ್ತೇನೆ, ಅವನೂ ಇದನ್ನು ಓದುತ್ತಾನೆ.) ಗಣಿತದ ಮೇಷ್ಟ್ರ ಕೈಗೆ ದಿನವೂ ಹೊಸ ಅಂಕಿಗಳನ್ನು ಕೊಡುವ ಯಂತ್ರ ಸಿಕ್ಕರೆ ಏನಾಗಬೇಕೋ ಅದೇ ಆಯಿತು. ದಿನಕ್ಕೆ ಹತ್ತು ಸಾವಿರ ಹೆಜ್ಜೆಗಳ ಗುರಿಯನ್ನು ಹದಿನೈದು ಸಾವಿರಕ್ಕೇರಿಸಿದೆ. ಆ ಹತ್ತು ಸಾವಿರವೆಂಬ ಸಂಖ್ಯೆಯಾದರೂ ಯಾವ ವೈದ್ಯನ ಲೆಕ್ಕದಿಂದಲೂ ಬಂದದ್ದಲ್ಲ; 1965ರಲ್ಲಿ ಜಪಾನಿನ ಕಂಪನಿಯೊಂದು ಮಾರಾಟಕ್ಕಿಟ್ಟ ಹೆಜ್ಜೆ ಎಣಿಸುವ ಸಾಧನದ ಹೆಸರಿನಿಂದ ಬಂದದ್ದೆಂದು ಆಮೇಲೆ ತಿಳಿದೆ. ನಡಿಗೆ ಓಟವಾಯಿತು. ಐದು ಕಿಲೋಮೀಟರಿನ ಓಟ ಎಂಟಾಗಿ, ಹನ್ನೆರಡಾಗಿ, ಭಾನುವಾರಗಳಂದು ಹದಿನೆಂಟಾಯಿತು. ಹಳೆಯ ಹಾಜರಿ ಪುಸ್ತಕವೊಂದರಲ್ಲಿ ದಿನವೂ ಅಂಕಿ ಬರೆದಿಡುತ್ತಿದ್ದೆ. ಒಂದು ದಿನವೂ ಬಿಡದೆ ನಾನೂರ ಹನ್ನೆರಡು ದಿನ ಓಡಿದೆ. ಮಳೆ ಬಂದ ದಿನ ಓಡಿದೆ, ನೆಗಡಿ ಜ್ವರವಿದ್ದ ದಿನವೂ ಓಡಿದೆ, ಸಂಬಂಧಿಕರ ಮದುವೆಯ ಬೆಳಗ್ಗೆ ಛತ್ರದ ಹಿಂದಿನ ರಸ್ತೆಯಲ್ಲಿ ಓಡಿ, ಬೆವರು ಆರುವ ಮೊದಲೇ ಅಕ್ಷತೆ ಹಾಕಿದೆ. ಹಾಜರಿಯಲ್ಲಿ ಒಂದು ಖಾಲಿ ಚೌಕ ಬೀಳಬಾರದೆಂಬುದೇ ಆಗ ನನ್ನ ಆರೋಗ್ಯದ ವ್ಯಾಖ್ಯೆಯಾಗಿತ್ತು.

ನಾನೂರ ಹದಿಮೂರನೆಯ ದಿನ, ನಸುಕಿನಲ್ಲಿ, ಶಾಲೆಯ ಮೈದಾನದ ಮೂರನೆಯ ಸುತ್ತಿನಲ್ಲಿ ಎದೆಯೊಳಗೆ ಏನೋ ಒದ್ದಾಡಿತು. ನೋವಲ್ಲ. ಗೋಣಿಚೀಲದೊಳಗೆ ಕಟ್ಟಿಹಾಕಿದ ಕೋಳಿ ಒದ್ದಾಡಿದಂತೆ, ಲಯವಿಲ್ಲದೆ. ನಿಂತೆ, ಹತ್ತು ನಿಮಿಷದಲ್ಲಿ ಸರಿಹೋಯಿತು. ಮನೆಗೆ ಬಂದು ಏನೂ ಹೇಳಲಿಲ್ಲ. ಅನಂತರದ ಮೂರು ವಾರಗಳಲ್ಲಿ ಅದು ಐದು ಸಲ ಬಂದಿತು. ನನ್ನ ವಿದ್ಯಾರ್ಥಿಯೇನಾದರೂ ಉತ್ತರಪತ್ರಿಕೆಯ ಅಂಕಗಳನ್ನು ಮನೆಯಲ್ಲಿ ಹೀಗೆ ಮುಚ್ಚಿಟ್ಟಿದ್ದರೆ ನಾನು ಅವನ ತಂದೆಯನ್ನು ಕರೆಸುತ್ತಿದ್ದೆ. ಕೊನೆಗೊಂದು ದಿನ ಸ್ನಾನಕ್ಕೆಂದು ಎದ್ದವನು ತಲೆ ತಿರುಗಿ ಗೋಡೆ ಹಿಡಿದುಕೊಂಡದ್ದನ್ನು ನನ್ನ ಹೆಂಡತಿ ನೋಡಿದಳು. ಆಕೆ ಏನೂ ಕೇಳಲಿಲ್ಲ. ಹಾಜರಿ ಪುಸ್ತಕವನ್ನು ತೆಗೆದು ಬೀರುವಿನಲ್ಲಿಟ್ಟು ಬೀಗ ಹಾಕಿ, ಬಳ್ಳಾರಿಗೆ ಕಾರು ಹೇಳಿ ಬಂದಳು.

ಮೊದಲ ಇಸಿಜಿಯಲ್ಲಿ ಏನೂ ಕಾಣಲಿಲ್ಲ. ವೈದ್ಯರು ಇಪ್ಪತ್ತನಾಲ್ಕು ಗಂಟೆ ಎದೆಗೆ ಅಂಟಿಕೊಂಡಿರುವ ಯಂತ್ರವೊಂದನ್ನು ಹಾಕಿ ಕಳುಹಿಸಿದರು, ಅದರಲ್ಲಿ ಸಿಕ್ಕಿತು. ಹೃದಯದ ಮೇಲಿನ ಕೋಣೆಗಳು ಒಗ್ಗಟ್ಟಾಗಿ ಕುಗ್ಗುವುದನ್ನು ಬಿಟ್ಟು ಅಡ್ಡಾದಿಡ್ಡಿ ನಡುಗುವ ತೊಂದರೆ ಅದು. ಏಟ್ರಿಯಲ್ ಫಿಬ್ರಿಲೇಷನ್ ಎಂದು ಹೆಸರು. ಆಗ ರಕ್ತ ಅಲ್ಲಲ್ಲಿ ನಿಂತು ಹೆಪ್ಪುಗಟ್ಟಿ, ಆ ಹೆಪ್ಪು ಮೆದುಳಿಗೆ ಹೋದರೆ ಪಾರ್ಶ್ವವಾಯು ಹೊಡೆಯಬಹುದು. ನನ್ನ ವಯಸ್ಸು ಮತ್ತು ರಕ್ತದೊತ್ತಡಗಳೆರಡನ್ನೂ ಲೆಕ್ಕ ಹಾಕಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ ಬರೆದರು. "ಓಡಿದ್ದರಿಂದಲೇ ಬಂತೇ?" ಎಂದು ಕೇಳಿದೆ. ವಯಸ್ಸಿನಿಂದಲೂ ಬರುತ್ತದೆ, ರಕ್ತದೊತ್ತಡದಿಂದಲೂ ಬರುತ್ತದೆ, ಓಟದ ಪಾಲೆಷ್ಟೆಂದು ಬೇರ್ಪಡಿಸಿ ಹೇಳಲಾಗದು ಎಂದರು. ಹಾಗಾದರೆ ಎಲ್ಲವನ್ನೂ ಬಿಟ್ಟುಬಿಡಲೇ ಎಂದಾಗ ಅವರು ನಕ್ಕು, "ಸ್ಪರ್ಧೆ ಬಿಡಿ, ನಡಿಗೆ ಬಿಡಬೇಡಿ. ವಾರದಲ್ಲಿ ಒಂದೆರಡು ದಿನ ಸುಮ್ಮನಿರುವುದನ್ನು ಕಲಿಯಿರಿ" ಎಂದರು. ಅಷ್ಟು ಹೊತ್ತು ಮೂಲೆಯ ಕುರ್ಚಿಯಲ್ಲಿ ಕುಳಿತಿದ್ದ ನನ್ನ ಹೆಂಡತಿ, "ನಮ್ಮ ಮಾವನವರು ಎತ್ತಿಗೆ ಅದನ್ನೇ ಮಾಡುತ್ತಿದ್ದರು" ಎಂದಳು.

ಮನೆಗೆ ಬಂದ ಮೇಲೆ ಸುಮ್ಮನಿರಲಾಗದೆ ಓದತೊಡಗಿದೆ. ಸ್ವೀಡನ್ನಿನಲ್ಲಿ 1922ರಿಂದ ನಡೆಯುತ್ತಿರುವ ವಾಸಲೋಪೆಟ್ ಎಂಬ ತೊಂಬತ್ತು ಕಿಲೋಮೀಟರಿನ ಹಿಮಜಾರು ಸ್ಪರ್ಧೆಯಿದೆ. ಅದನ್ನು ಮುಗಿಸಿದ ಐವತ್ತೆರಡು ಸಾವಿರಕ್ಕೂ ಹೆಚ್ಚು ಜನರನ್ನು ಅಲ್ಲಿನ ವೈದ್ಯರು ವರ್ಷಗಟ್ಟಲೆ ಹಿಂಬಾಲಿಸಿ, 2013ರಲ್ಲಿ ಫಲಿತಾಂಶ ಪ್ರಕಟಿಸಿದರು. ಹೆಚ್ಚು ಸಲ ಸ್ಪರ್ಧಿಸಿದವರಲ್ಲಿ ಮತ್ತು ಹೆಚ್ಚು ವೇಗವಾಗಿ ಮುಗಿಸಿದವರಲ್ಲಿ ಹೃದಯದ ಲಯ ತಪ್ಪುವ ತೊಂದರೆ ಹೆಚ್ಚಾಗಿ ಕಂಡಿತು. ಅದೇ ಸ್ಪರ್ಧಿಗಳ ಮೇಲೆ ಅದಕ್ಕೂ ಮೊದಲು ನಡೆದ ಇನ್ನೊಂದು ಅಧ್ಯಯನದಲ್ಲಿ ಅವರ ಸಾವಿನ ಪ್ರಮಾಣ ಸಾಮಾನ್ಯ ಜನರಿಗಿಂತ ಬಹಳ ಕಡಿಮೆಯೆಂದೂ ಕಂಡಿತ್ತು. ಎರಡೂ ನಿಜ. ಒಂದನ್ನು ಮಾತ್ರ ಓದಿದವನು ಓಡುತ್ತಲೇ ಇರುತ್ತಾನೆ, ಇನ್ನೊಂದನ್ನು ಮಾತ್ರ ಓದಿದವನು ಮಂಚ ಬಿಟ್ಟು ಏಳುವುದಿಲ್ಲ.

ಹೀಗೆಯೇ 2015ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್ನಿನ ಅಧ್ಯಯನವೊಂದು ಜಗತ್ತಿನ ಪತ್ರಿಕೆಗಳಲ್ಲೆಲ್ಲ ಬಂದಿತ್ತು. ಕಠಿಣವಾಗಿ ಓಡುವವರೂ ಓಡದವರೂ ಒಂದೇ, ಹಗುರವಾಗಿ ಓಡುವವರೇ ಹೆಚ್ಚು ಬದುಕುತ್ತಾರೆ ಎಂಬುದು ಅದರ ಶೀರ್ಷಿಕೆ. ನನಗದು ಹಿತವಾಗಿಯೇ ಇತ್ತು. ಆದರೆ ಅಂಕಿಗಳನ್ನು ನೋಡಿದರೆ, ಆ ಕಠಿಣ ಓಟಗಾರರ ಗುಂಪಿನಲ್ಲಿದ್ದವರು ನಲವತ್ತರ ಆಸುಪಾಸು ಜನ, ಅವರಲ್ಲಿ ಸತ್ತವರು ಇಬ್ಬರು! ಇಬ್ಬರ ಸಾವಿನಿಂದ ಇಡೀ ಮನುಕುಲಕ್ಕೆ ನಿಯಮ ಬರೆದುಬಿಡುವುದನ್ನು ನಮ್ಮ ಹತ್ತನೆಯ ತರಗತಿಯ ಸಂಖ್ಯಾಶಾಸ್ತ್ರದ ಪಾಠ ಓದಿದ ಹುಡುಗಿಯೂ ಒಪ್ಪಲಾರಳು. ನನ್ನ ಪಕ್ಷಕ್ಕೆ ಅನುಕೂಲವಾದ ಸಾಕ್ಷ್ಯವಾದರೂ ದುರ್ಬಲವಾದದ್ದನ್ನು ದುರ್ಬಲವೆಂದೇ ಹೇಳಬೇಕಲ್ಲವೆ?

ಈಗ ನನ್ನ ತಂಗಿಯ ಮಗನ ಮಾತಿಗೆ ಬರುತ್ತೇನೆ. ಅವನ ಭಯಕ್ಕೆ ಒಂದು ದಿನಾಂಕವಿದೆ: 2021ರ ಅಕ್ಟೋಬರ್ 29. ಅಂದು ಬೆಳಗ್ಗೆ ವ್ಯಾಯಾಮದ ಬಳಿಕ ಅಸ್ವಸ್ಥರಾದ ಪುನೀತ್ ರಾಜ್‌ಕುಮಾರ್ ನಲವತ್ತಾರನೆಯ ವಯಸ್ಸಿನಲ್ಲಿ ಹೃದಯಾಘಾತದಿಂದ ತೀರಿಕೊಂಡರು. ಹೊಸಪೇಟೆ ಅವರನ್ನು ಮನೆಮಗನಂತೆ ಕಂಡ ಊರು. ಮರುವರ್ಷವೇ ಅಲ್ಲಿ ಅವರ ಪ್ರತಿಮೆ ನಿಂತಿತು. ಆ ವಾರ ಬೆಂಗಳೂರಿನ ಜಯದೇವ ಆಸ್ಪತ್ರೆಯ ಮುಂದೆ ಹೃದಯ ತಪಾಸಣೆಗೆಂದು ಜನ ಸಾಲುಗಟ್ಟಿದರು. ನನ್ನ ಸೋದರಳಿಯ ತಪಾಸಣೆಗೂ ಹೋಗಲಿಲ್ಲ. ವ್ಯಾಯಾಮಶಾಲೆಗೆ ಹೋಗುವುದನ್ನು ಮಾತ್ರ ನಿಲ್ಲಿಸಿದನು. ಅಷ್ಟು ಗಟ್ಟಿಮುಟ್ಟಾದ ಮನುಷ್ಯನೇ ಹೋದ ಮೇಲೆ ನಮ್ಮದೇನು ಎಂಬುದು ಅವನ ವಾದ. ಈಗವನಿಗೆ ನಲವತ್ತೈದು. ಈ ನಾಲ್ಕು ವರ್ಷಗಳಲ್ಲಿ ಹದಿನಾಲ್ಕು ಕಿಲೋ ತೂಕ ಏರಿದೆ, ಸಕ್ಕರೆ ಕಾಯಿಲೆಯ ಮಾತ್ರೆ ಶುರುವಾಗಿದೆ. ಒಂದು ಸಾವಿನಿಂದ ಅವನು ಕಲಿತ ಪಾಠ ತಲೆಕೆಳಗಾದದ್ದೆಂದು ಮಾವನಾಗಿ ನಾನು ಹೇಳಲೇಬೇಕು.

ಅವನಿಗಾಗಿ ಒಂದು ಹಳೆಯ ಕತೆ. ಲಂಡನ್ನಿನ ಎರಡು ಅಂತಸ್ತಿನ ಬಸ್ಸುಗಳಲ್ಲಿ ಚಾಲಕರು ದಿನವಿಡೀ ಕುಳಿತಿರುತ್ತಿದ್ದರು, ನಿರ್ವಾಹಕರು ಟಿಕೇಟು ಕೊಡಲು ದಿನಕ್ಕೆ ನೂರಾರು ಮೆಟ್ಟಿಲು ಹತ್ತಿ ಇಳಿಯುತ್ತಿದ್ದರು. ಒಂದೇ ಬಸ್ಸು, ಒಂದೇ ಊರು, ಹೆಚ್ಚುಕಡಿಮೆ ಒಂದೇ ಬಗೆಯ ಸಂಸಾರ. ಡಾಕ್ಟರ್ ಜೆರೆಮಿ ಮಾರಿಸ್ ಎಂಬವರು 1953ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ, ನಿರ್ವಾಹಕರಿಗೆ ಹೃದ್ರೋಗ ಚಾಲಕರಿಗಿಂತ ಕಡಿಮೆಯಿತ್ತು. ಆ ನಿರ್ವಾಹಕರು ಓಟಗಾರರಲ್ಲ, ಪದಕ ಗೆದ್ದವರಲ್ಲ. ದಿನವೂ ಸ್ವಲ್ಪ ಸ್ವಲ್ಪ ಹತ್ತಿದರು, ಇಳಿದರು, ರಜೆಯ ದಿನ ಮನೆಯಲ್ಲಿದ್ದರು. ಆ ಮಾರಿಸರು ತೊಂಬತ್ತೊಂಬತ್ತು ವರ್ಷ ಬಾಳಿದರು.

ಆದರೆ ಓಟವು ಒಳಗಿರುವ ರೋಗವನ್ನು ತೊಳೆದುಬಿಡುವ ಗಂಗೆಯಲ್ಲ. ಅಮೇರಿಕೆಯ ಜಿಮ್ ಫಿಕ್ಸ್ ಎಂಬವರು 1977ರಲ್ಲಿ ಓಟದ ಬಗ್ಗೆ ಪುಸ್ತಕ ಬರೆದು ಆ ದೇಶವನ್ನೇ ಬೀದಿಗಿಳಿಸಿದವರು. ಅವರ ತಂದೆ ನಲವತ್ಮೂರಕ್ಕೇ ಹೃದಯಾಘಾತದಿಂದ ಸತ್ತಿದ್ದರು; ಇವರು 1984ರಲ್ಲಿ ಐವತ್ತೆರಡನೆಯ ವಯಸ್ಸಿನಲ್ಲಿ ಓಟದ ದಾರಿಯಲ್ಲೇ ಕುಸಿದರು. ಮನೆತನದಲ್ಲಿ ಇಂಥದ್ದಿರುವವರು, ನಲವತ್ತು ದಾಟಿದ ಮೇಲೆ ಹೊಸದಾಗಿ ಓಟ ಹಿಡಿಯುವವರು, ಬೂಟು ಕೊಳ್ಳುವ ಮೊದಲು ವೈದ್ಯರ ಬಳಿ ಹೋಗಿ ಬರುವುದು ಒಳ್ಳೆಯದು. ಓಡುವಾಗ ಎದೆ ಬಿಗಿದರೆ, ದವಡೆಗೋ ಎಡಗೈಗೋ ನೋವು ಹರಿದರೆ, ತಲೆ ತಿರುಗಿದರೆ, ಗ್ಯಾಸ್ ಎಂದು ಸೋಡಾ ಕುಡಿದು ಮಲಗಬೇಡಿ. ಪುನೀತರ ಹೆಸರಿನಲ್ಲಿಯೇ ನಮ್ಮ ಸರ್ಕಾರ ಹೃದಯ ಜ್ಯೋತಿ ಯೋಜನೆಯನ್ನು ತಂದಿದೆ. ಅದರಡಿ ತಾಲ್ಲೂಕು ಮಟ್ಟದ ಆಸ್ಪತ್ರೆಗಳಲ್ಲಿಯೇ ಇಸಿಜಿ ತೆಗೆದು, ಹೃದಯಾಘಾತವಾಗಿದ್ದರೆ ಹೆಪ್ಪು ಕರಗಿಸುವ ದುಬಾರಿ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ಏರ್ಪಾಡಿದೆ. ನಾನು ಮೂರು ವಾರ ಮುಚ್ಚಿಟ್ಟೆನಲ್ಲ, ಆ ತಪ್ಪನ್ನು ನೀವು ಮಾಡಬೇಡಿ.

ನಮ್ಮ ಊರಿನ ಸುತ್ತಮುತ್ತ ಓಡುವವರಿಗೆ ಬೇರೆಯದೇ ಕಷ್ಟಗಳಿವೆ. ಬೆಂಗಳೂರಿನ ಹುಡುಗರಿಗೆ ಇದು ಅರ್ಥವಾಗುವುದು ಕಷ್ಟ. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ ಬೆಳಗಿನ ಎಂಟಕ್ಕೇ ನೆಲ ಕಾಯುತ್ತದೆ. ವಯಸ್ಸಾದಂತೆ ಬಾಯಾರಿಕೆಯ ಅರಿವೇ ಮಂದವಾಗುತ್ತದೆ, ನೀರು ಬೇಕೆಂದು ಅನಿಸುವ ಹೊತ್ತಿಗೆ ತಡವಾಗಿರುತ್ತದೆ. ಇನ್ನು ತೋರಣಗಲ್ಲು, ಸಂಡೂರಿನ ರಸ್ತೆಗಳ ಕೆಂಪು ಧೂಳು. 2011ರ ಜುಲೈಯಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿದಾಗ ನಮ್ಮ ಬೇವಿನ ಮರಗಳ ಎಲೆ ಹಸಿರೆಂಬುದು ಮತ್ತೆ ನೆನಪಾಗಿತ್ತು. ಆಮೇಲೆ ಲಾರಿಗಳು ಮರಳಿ ಬಂದವು. ಓಡುವವನು ಕುಳಿತವನಿಗಿಂತ ಹಲವು ಪಟ್ಟು ಗಾಳಿಯನ್ನು ಒಳಗೆಳೆದುಕೊಳ್ಳುತ್ತಾನೆ, ಧೂಳನ್ನೂ ಅಷ್ಟೇ. ಆದ್ದರಿಂದ ಡಾಂಬರು ರಸ್ತೆಯನ್ನು ನಾನು ಪೂರ್ತಿಯಾಗಿ ಬಿಟ್ಟಿದ್ದೇನೆ. ಶಾಲೆಯ ಮೈದಾನ, ಇಲ್ಲವೆ ಹೊಲದ ದಾರಿ. ಧೂಳಿಗಿಂತಲೂ ಲಾರಿಯ ಭಯ ದೊಡ್ಡದು. ಪಂಜಾಬಿನ ಫೌಜಾ ಸಿಂಗರು ಎಂಬತ್ತು ದಾಟಿದ ಮೇಲೆ ಓಟ ಹಿಡಿದು, 2011ರಲ್ಲಿ ನೂರು ವರ್ಷದವರೆಂದು ಟೊರಾಂಟೋ ಮ್ಯಾರಥಾನ್ ಮುಗಿಸಿದವರು. ನನಗೆ ಅವರ ಓಟಕ್ಕಿಂತ ಹೆಚ್ಚು ಮೆಚ್ಚುಗೆಯಾದದ್ದು, ನೂರ ಒಂದರಲ್ಲಿ ಸ್ಪರ್ಧೆಗೆ ಕೈಮುಗಿದು, ನಡಿಗೆಯನ್ನು ಮಾತ್ರ ಉಳಿಸಿಕೊಂಡದ್ದು. 2025ರ ಜುಲೈಯಲ್ಲಿ ತಮ್ಮ ಹಳ್ಳಿಯ ಬಳಿಯ ರಸ್ತೆಯಲ್ಲಿ ಕಾರೊಂದು ಡಿಕ್ಕಿ ಹೊಡೆದು ಅವರು ತೀರಿಕೊಂಡರು. ಅವರ ಹೃದಯ ಕೈಕೊಡಲಿಲ್ಲ.

ನನ್ನ ಈಗಿನ ಕ್ರಮವನ್ನು ಕೇಳಿದವರಿಗೆ ಹೇಳುತ್ತೇನೆ, ಯಾರೂ ಇದನ್ನೇ ಅನುಸರಿಸಬೇಕೆಂದಲ್ಲ. ಗಡಿಯಾರ ಮೊಮ್ಮಗನ ಪಾಲಾಗಿದೆ. ಇನ್ನೂರ ಇಪ್ಪತ್ತರಲ್ಲಿ ವಯಸ್ಸನ್ನು ಕಳೆದು ನಾಡಿಬಡಿತದ ಮಿತಿ ಕಂಡುಹಿಡಿಯುವ ಸೂತ್ರವೊಂದು ಚಾಲ್ತಿಯಲ್ಲಿದೆ. ಅದು ಸರಾಸರಿಯ ಸೂತ್ರ, ಲಯ ತಪ್ಪುವ ನನ್ನ ಎದೆಗೆ ಹೊಂದುವುದಿಲ್ಲ. ಅದರ ಬದಲು ಹದಿನೇಳರ ಮಗ್ಗಿ ಹೇಳಿಕೊಂಡು ನಡೆಯುತ್ತೇನೆ. ಹದಿನೇಳೇಳಲ ನೂರ ಹತ್ತೊಂಬತ್ತು ಎನ್ನುವಷ್ಟರಲ್ಲಿ ಉಸಿರು ಸಾಲದಾದರೆ ವೇಗ ಹೆಚ್ಚಾಯಿತೆಂದು ಅರ್ಥ. ದಿನಕ್ಕೆ ನಲವತ್ತು ನಿಮಿಷ, ನಡುನಡುವೆ ಮೈ ಒಪ್ಪಿದರೆ ಒಂದೊಂದು ಸುತ್ತಿನ ನಿಧಾನ ಓಟ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ, ವಾರಕ್ಕೆ ನೂರೈವತ್ತರಿಂದ ಮುನ್ನೂರು ನಿಮಿಷಗಳ ಮಿತಿಯೊಳಗೆ ಇದು ಚೆನ್ನಾಗಿಯೇ ಕೂರುತ್ತದೆ.

ಅದೇ ಸಂಸ್ಥೆ ಅರವತ್ತೈದು ದಾಟಿದವರಿಗೆ ಇನ್ನೊಂದನ್ನು ಒತ್ತಿ ಹೇಳುತ್ತದೆ: ಸ್ನಾಯುಗಳ ಬಲ ಮತ್ತು ದೇಹದ ಸಮತೋಲನಗಳಿಗೂ ವಾರದಲ್ಲಿ ಮೂರು ದಿನವಾದರೂ ಅಭ್ಯಾಸ ಬೇಕು. ಹದಿನೆಂಟು ಕಿಲೋಮೀಟರ್ ಓಡುತ್ತಿದ್ದ ದಿನಗಳಲ್ಲಿ ನಾನು ಇದನ್ನು ಅಲಕ್ಷಿಸಿದ್ದೆ. ಒಂದು ದಿನ ನೆಲದ ಮೇಲೆ ಊಟಕ್ಕೆ ಕುಳಿತವನು ಕೈಯೂರದೆ ಏಳಲಾರದೆ ಹೋದೆ. ಎದುರಿಗೆ ಕುಳಿತಿದ್ದ ನನ್ನ ಹೆಂಡತಿ, ಒಂದು ಕಿಲೋಮೀಟರನ್ನೂ ಎಂದೂ ಓಡದವಳು, ಕೈಯಲ್ಲಿ ರೊಟ್ಟಿಯ ಬುಟ್ಟಿ ಹಿಡಿದು ಸರಕ್ಕನೆ ಎದ್ದು ಹೋದಳು. ಬಾವಿ ಸೇದಿ, ಹೊಲದಲ್ಲಿ ಕಳೆ ತೆಗೆದು ಗಟ್ಟಿಯಾದ ಮೈ ಅದು. ಈಗ ನಾನೂ ದಿನಕ್ಕೆ ಹತ್ತು ಸಲ ನೆಲದಿಂದ ಎದ್ದು ಕೂರುತ್ತೇನೆ, ಒಂಟಿ ಕಾಲಲ್ಲಿ ನಿಂತು ಹಲ್ಲುಜ್ಜುತ್ತೇನೆ. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವನು ಬೀಳುವಂತಿಲ್ಲ. ಬಿದ್ದರೆ ಸಣ್ಣ ಪೆಟ್ಟೂ ದೊಡ್ಡದಾಗುತ್ತದೆ.

ನಮ್ಮ ತೋರಣಗಲ್ಲಿನ ಬಳಿ 2018ರಲ್ಲಿ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ ಎಂಬ ಕ್ರೀಡಾ ಸಂಸ್ಥೆ ಆರಂಭವಾಯಿತು. ಒಲಿಂಪಿಕ್ಸಿಗೆ ತಯಾರಾಗುವ ಇಪ್ಪತ್ತರ ಹರೆಯದ ಕ್ರೀಡಾಳುಗಳಿಗೇ ವಿಶ್ರಾಂತಿಯ ದಿನಗಳನ್ನು ಲೆಕ್ಕ ಹಾಕಿ ಕೊಡುವ ಕಾಲವಿದು. ಅರವತ್ತಾರರ ನಾನು ರಜೆಯಿಲ್ಲದೆ ನಾನೂರ ಹನ್ನೆರಡು ದಿನ ಓಡಿದ್ದನ್ನು ಸಾಧನೆಯೆಂದು ಸಂಬಂಧಿಕರ ಮುಂದೆ ಹೇಳಿಕೊಂಡದ್ದು ನೆನೆದರೆ ಈಗ ನಾಚಿಕೆಯಾಗುತ್ತದೆ.

ಬೆಂಗಳೂರಿನ ಶಿಷ್ಯನಿಗೆ ನನ್ನ ಉತ್ತರ: ನನ್ನ ಹೆಸರು ಕೊಡಬೇಡಪ್ಪ. ನೀನು ಓಡು, ಆದರೆ ನೀನು ಹೇಳಿದ ಹಾಗೆ ರಾತ್ರಿ ಎರಡರವರೆಗೆ ಕಂಪ್ಯೂಟರಿನ ಮುಂದೆ ಕುಳಿತು, ಐದಕ್ಕೆದ್ದು ಇಪ್ಪತ್ತು ಕಿಲೋಮೀಟರ್ ಓಡುವುದಿದೆಯಲ್ಲ, ಅದಕ್ಕೆ ನಾನು ಸೊನ್ನೆ ಅಂಕ ಕೊಡುತ್ತೇನೆ. ಸೋದರಳಿಯನಿಗೆ: ಮುಂದಿನ ಭಾನುವಾರ ಬಾ, ಮೊದಲು ತಪಾಸಣೆಗೆ ಹೋಗೋಣ, ಆಮೇಲೆ ಮೈದಾನದ ಎರಡು ಸುತ್ತು, ನಿಧಾನವಾಗಿ, ನಾನೂ ಜೊತೆಗಿರುತ್ತೇನೆ.

ಕೊಟ್ಟೂರಿನ ಪಾದಯಾತ್ರೆಯನ್ನು ಪೂರ್ತಿಯಾಗಿ ಬಿಡಲು ಮನಸ್ಸಾಗಲಿಲ್ಲ. ಊರಿನಿಂದಲೇ ನಡೆಯದಿದ್ದರೆ ಹರಕೆ ಸಲ್ಲುವುದಿಲ್ಲವೆಂದು ಗೆಳೆಯರೊಬ್ಬರು ವಾದಿಸಿದರು. ಎತ್ತಿಗೆ ವಾರಕ್ಕೊಮ್ಮೆ ರಜೆ ಕೊಟ್ಟ ದೇವರು ಅಷ್ಟು ಬಿಗಿಯಾಗಿರಲಾರನೆಂದು ನಾನು ಹೇಳಿದೆ. ವೈದ್ಯರನ್ನು ಕೇಳಿದ್ದೇನೆ, ಒಪ್ಪಿದ್ದಾರೆ. ಬರುವ ಮಾಘದಲ್ಲಿ ಕೂಡ್ಲಿಗಿಯವರೆಗೆ ಬಸ್ಸಿನಲ್ಲಿ ಹೋಗಿ, ಅಲ್ಲಿಂದ ಕೊಟ್ಟೂರಿನ ಸುಮಾರು ಇಪ್ಪತ್ತು ಕಿಲೋಮೀಟರನ್ನು ಎರಡು ದಿನಗಳಲ್ಲಿ ನಡೆಯುವುದೆಂದು ನಾನೂ ನನ್ನ ಹೆಂಡತಿಯೂ ನಿಶ್ಚಯಿಸಿದ್ದೇವೆ. ಜೊತೆಗೆ ಬರುವವರು ಮೊದಲೇ ತಿಳಿಸಿದರೆ ರೊಟ್ಟಿಯ ಲೆಕ್ಕ ಹಾಕಲು ಅನುಕೂಲ. ನಮ್ಮ ಮನೆಗೆ ಯಾವ ದಿನ ಬಂದರೂ ಬೆಳಗ್ಗೆ ಆರಕ್ಕೆ ನಾನು ಮೈದಾನದಲ್ಲಿ ಸಿಗುತ್ತೇನೆ. ಸೋಮವಾರ ಮಾತ್ರ ಮನೆಯ ಕಟ್ಟೆಯ ಮೇಲೆ.